ಗುಂಡಿಗಣ್ಣಿನ ತಾಯಿ: ಒಂದು ಬೊಂಬೆ ಸಿನಿಮಾ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ 2009ರ ‘ಕೊರಲೈನ್’ ಚಿತ್ರದ ಬಗ್ಗೆ ಬರೆದಿದ್ದ ಕಿರುಟಿಪ್ಪಣಿಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಚಿತ್ರವನ್ನು ನೋಡದವರಿಗಾಗಿ ಕಥೆಯ ಎಳೆಯನ್ನು ಮೊದಲು ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಕೊರಲೈನ್ ತಂದೆತಾಯಿಯೊಂದಿಗೆ ಅಮೆರಿಕದ ಆರೆಗನ್ ರಾಜ್ಯದ ಒಂದು ಹಳೆಯ ಮನೆಗೆ ವಾಸಕ್ಕೆ ಬರುತ್ತಾಳೆ. ತೋಟಗಾರಿಕೆಯ ಕ್ಯಾಟಲಾಗ್ ಬರೆಯುವ ಕೆಲಸದಲ್ಲಿ ಮುಳುಗಿರುವ ಹೆತ್ತವರಿಗೆ ಅವಳೊಡನೆ ಮಾತಾಡಲು ಪುರುಸೊತ್ತಿಲ್ಲ. ಗೋಡೆಗೆ ಅಂಟಿಸಿದ ಕಾಗದದ ಹಿಂದೆ ಅಡಗಿದ್ದ ಪುಟ್ಟ ಬಾಗಿಲೊಂದನ್ನು ಹಗಲು ತೆರೆದರೆ ಇಟ್ಟಿಗೆ ಗೋಡೆ; ರಾತ್ರಿ ತೆರೆದರೆ ಅದರಾಚೆ ಇಂಥದೇ ಇನ್ನೊಂದು ಮನೆ, ಇನ್ನೊಬ್ಬ ಅಮ್ಮ, ಇನ್ನೊಬ್ಬ ಅಪ್ಪ. ಅಲ್ಲಿ ಎಲ್ಲವೂ ಇಲ್ಲಿಗಿಂತ ಚೆನ್ನ, ಅಲ್ಲಿಯವರ ಕಣ್ಣಿನ ಜಾಗದಲ್ಲಿ ಮಾತ್ರ ಕಪ್ಪು ಗುಂಡಿಗಳಿವೆ. ಶಾಶ್ವತವಾಗಿ ಅಲ್ಲೇ ಉಳಿಯಬೇಕಾದರೆ ಅವಳೂ ತನ್ನ ಕಣ್ಣಿಗೆ ಗುಂಡಿ ಹೊಲಿಸಿಕೊಳ್ಳಬೇಕು.

ಪ್ರಶ್ನೆ: ಎಂಟು ವರ್ಷದ ನನ್ನ ಮಗಳು ರಜೆಗೆಂದು ಅಣ್ಣನ ಮನೆಗೆ ಹೋಗಿದ್ದಾಗ ದೊಡ್ಡ ಮಕ್ಕಳ ಜೊತೆ ಕುಳಿತು ಈ ಚಿತ್ರವನ್ನು ನೋಡಿ ಬಂದಿದ್ದಾಳೆ. ಅಂದಿನಿಂದ ಒಬ್ಬಳೇ ಮಲಗಲು ಒಪ್ಪುತ್ತಿಲ್ಲ. ಗುಂಡಿಯ ಕಣ್ಣಿರುವ ತನ್ನ ಬಟ್ಟೆಗೊಂಬೆಯನ್ನು ಅಟ್ಟಕ್ಕೆ ಹಾಕಿಸಿದ್ದಾಳೆ. ‘ಅದು ಬರೀ ಬೊಂಬೆ, ನಿಜವಲ್ಲ’ ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಮಕ್ಕಳ ಚಿತ್ರವೆಂದು ಇಂಥದ್ದನ್ನು ತೋರಿಸುವುದು ಸರಿಯೇ? — ತಾಯಿಯೊಬ್ಬರು, ದಾವಣಗೆರೆ

ಉತ್ತರ: ಈ ಚಿತ್ರಕ್ಕೆ ಅಮೆರಿಕದಲ್ಲಿ ಕೊಟ್ಟಿರುವ ಗುರುತು ‘ಪಿಜಿ’, ಅಂದರೆ ಕೆಲವು ಭಾಗಗಳು ಮಕ್ಕಳಿಗೆ ತಕ್ಕುದಲ್ಲದಿರಬಹುದು, ಹೆತ್ತವರು ವಿಚಾರಿಸಿ ತೋರಿಸಬೇಕು ಎಂಬ ಸೂಚನೆ. ಹೀಗಿದ್ದರೂ ಬೊಂಬೆಗಳ ಚಿತ್ರವೆಂದೊಡನೆ ಮಕ್ಕಳನ್ನು ಟಿ.ವಿ. ಮುಂದೆ ಕೂರಿಸಿ ಹಿರಿಯರು ತಮ್ಮ ಕೆಲಸಕ್ಕೆ ಎದ್ದುಹೋಗುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ನಮ್ಮ ದೇಶದಲ್ಲಿಯೂ ಹಿಂದೆ ಇದ್ದ ‘ಯು/ಎ’ ಎಂಬ ಒಂದೇ ಗುರುತನ್ನು 2023ರ ತಿದ್ದುಪಡಿ ಕಾಯ್ದೆಯ ಮೂಲಕ 7+, 13+ ಮತ್ತು 16+ ಎಂದು ಮೂರಾಗಿ ವಿಂಗಡಿಸಲಾಗಿದೆ. ನನ್ನನ್ನು ಕೇಳಿದರೆ ಈ ಚಿತ್ರವನ್ನು ಒಂಬತ್ತು ಹತ್ತು ವರ್ಷಕ್ಕೆ ಮೊದಲು ತೋರಿಸುವ ಅವಸರವಿಲ್ಲ, ತೋರಿಸುವಾಗಲೂ ಹಿರಿಯರೊಬ್ಬರು ಪಕ್ಕದಲ್ಲಿ ಕೂರಬೇಕು. ಆದರೆ ನಿಮ್ಮ ಮಗಳು ಈಗಾಗಲೇ ನೋಡಿಯಾಗಿದೆ, ಆದ್ದರಿಂದ ಮುಂದಿನದನ್ನು ಯೋಚಿಸೋಣ.

ತೆರೆಯ ಮೇಲಿನ ದೃಶ್ಯಗಳು ಮಕ್ಕಳಲ್ಲಿ ಹುಟ್ಟಿಸುವ ಭಯದ ಬಗ್ಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಬಹುಕಾಲ ಅಧ್ಯಯನ ನಡೆಸಿದವರು. ಸಾಧಾರಣ ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಬದಲಾಗುವ ಟಿ.ವಿ. ಧಾರಾವಾಹಿಯೊಂದನ್ನು 1980ರ ದಶಕದಲ್ಲಿ ಅವರೂ ಸಹೋದ್ಯೋಗಿಗಳೂ ಮಕ್ಕಳಿಗೆ ತೋರಿಸಿ ನೋಡಿದಾಗ, ಇನ್ನೂ ಶಾಲೆಗೆ ಸೇರದ ಪುಟ್ಟವರು ಹೆಚ್ಚು ಹೆದರಿದ್ದು ಆ ರೂಪ ಬದಲಾದ ಮೇಲೆ. ದೈತ್ಯ ಒಳ್ಳೆಯವನು, ಜನರನ್ನು ಕಾಪಾಡಲು ಬಂದವನು ಎಂಬ ಸಂಗತಿ ಅವರ ನೆರವಿಗೆ ಬರಲಿಲ್ಲ. ದೊಡ್ಡ ಮಕ್ಕಳು ಹೆದರಿದ್ದು ಅದಕ್ಕೂ ಮೊದಲು, ಪಾತ್ರವು ಅಪಾಯದಲ್ಲಿದ್ದಾಗ. ನೀವು ಹೇಳಿದ ಚಿತ್ರದಲ್ಲಿ ಬದಲಾಗುವವಳು ಸ್ವತಃ ಅಮ್ಮ. ಮೊದಲು ಹೆತ್ತ ತಾಯಿಯ ಪಡಿಯಚ್ಚಿನಂತೆ ಇದ್ದವಳು ಉದ್ದವಾಗುತ್ತಾ, ತೆಳ್ಳಗಾಗುತ್ತಾ, ಕೊನೆಗೆ ಸೂಜಿಬೆರಳುಗಳ ಜೇಡನಂಥ ಜೀವಿಯಾಗುತ್ತಾಳೆ. ಎಂಟನೆಯ ವರ್ಷ ಈ ಎರಡು ಬಗೆಯ ಭಯಗಳ ನಡುವಿನ ವಯಸ್ಸಾದ್ದರಿಂದ ಎರಡೂ ಒಟ್ಟಿಗೆ ಕಾಡಿದ್ದರೆ ಆಶ್ಚರ್ಯವಿಲ್ಲ.

‘ನಿಜವಲ್ಲ’ ಎಂಬ ಮಾತು ಸಣ್ಣ ಮಕ್ಕಳಿಗೆ ಅಷ್ಟಾಗಿ ಸಮಾಧಾನ ಕೊಡುವುದಿಲ್ಲವೆಂದು ಇದೇ ಅಧ್ಯಯನಗಳು ಹೇಳುತ್ತವೆ. ಹತ್ತಿರ ಕುಳಿತುಕೊಳ್ಳುವುದು, ಹೆದರಿಸಿದ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಪರಿಚಯಿಸುವುದು, ಅದು ಹೇಗೆ ತಯಾರಾಯಿತೆಂದು ತೋರಿಸುವುದು ಹೆಚ್ಚು ಫಲಕಾರಿ. ಈ ಮಟ್ಟಿಗೆ ಬೊಂಬೆ ಸಿನಿಮಾದ ಅನುಕೂಲ ಬೇರೆ ಯಾವ ಸಿನಿಮಾಕ್ಕೂ ಇಲ್ಲ. ಒಂದು ಅಡಿಯೂ ಎತ್ತರವಿಲ್ಲದ ಬೊಂಬೆಯನ್ನು ಕಲಾವಿದರು ಕೈಯಲ್ಲಿ ಹಿಡಿದು, ಮುಖವನ್ನು ಕಳಚಿ ಬೇರೊಂದನ್ನು ಅಂಟಿಸುವ ತಯಾರಿಕೆಯ ವಿಡಿಯೋಗಳನ್ನು ಅವಳ ಜೊತೆ ಕುಳಿತು ನೋಡಿ. ಅಟ್ಟದ ಬೊಂಬೆಯನ್ನು ಇಳಿಸಲು ಒತ್ತಾಯಿಸಬೇಡಿ. ತಾನಾಗಿ ಕೇಳಿದ ದಿನ ಅದರ ಗುಂಡಿಗಳನ್ನು ಅವಳ ಕೈಯಿಂದಲೇ ಬಿಚ್ಚಿಸಿ ಬಣ್ಣದ ದಾರದಲ್ಲಿ ಬೇರೆ ಕಣ್ಣು ಹೊಲಿಸಬಹುದು.

ಸರಿಯೇ ತಪ್ಪೇ ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. ಈ ಕಥೆಯ ಮೂಲ ಲೇಖಕ ನೀಲ್ ಗೈಮನ್ ಹಸ್ತಪ್ರತಿಯನ್ನು ತಮ್ಮ ಸಾಹಿತ್ಯ ಏಜೆಂಟರಿಗೆ ಕೊಟ್ಟಾಗ, ಇದು ಮಕ್ಕಳಿಗೆ ತೀರಾ ಭಯಂಕರವಾಯಿತು ಎಂಬ ಉತ್ತರ ಬಂತಂತೆ. ನಿಮ್ಮ ಮಕ್ಕಳಿಗೇ ಓದಿ ನೋಡಿ ಎಂದರು ಗೈಮನ್. ಮಕ್ಕಳು ಹೆದರದೆ ಕೇಳಿದ್ದರಿಂದ ಪುಸ್ತಕ ಮಕ್ಕಳ ಸಾಹಿತ್ಯವಾಗಿಯೇ ಹೊರಬಂತು. ಆ ಮಕ್ಕಳಲ್ಲೊಬ್ಬಳು ಬೆಳೆದ ಮೇಲೆ ಹೇಳಿದ ಸತ್ಯವೇ ಬೇರೆ: ಅವಳಿಗೆ ವಿಪರೀತ ಭಯವಾಗಿತ್ತು, ಆದರೆ ಹಾಗೆಂದು ಹೇಳಿದರೆ ಮುಂದೇನಾಯಿತೆಂಬುದು ತಿಳಿಯದೆ ಹೋಗುತ್ತದಲ್ಲ ಎಂದು ಸುಮ್ಮನಿದ್ದಳು.

ಪ್ರಶ್ನೆ: ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಸೃಷ್ಟಿಸಬಹುದಾಗಿರುವಾಗ ಬೊಂಬೆಗಳನ್ನು ಕೈಯಿಂದ ಅಲುಗಿಸಿ ಫೋಟೊ ತೆಗೆಯುವ ಹಠವೇಕೆ? ನೋಡುಗರಿಗೆ ವ್ಯತ್ಯಾಸ ತಿಳಿಯುತ್ತದೆಯೇ? — ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೊದಲು ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಈ ಚಿತ್ರದ ಉದ್ದ ಸುಮಾರು 100 ನಿಮಿಷ, ಅಂದರೆ ಪ್ರತಿ ಚೌಕಟ್ಟಿಗೂ ಬೊಂಬೆಯನ್ನು ಅಲುಗಿಸಿದರೆ ಸುಮಾರು 1,44,000 ನಿಲುವುಗಳು. ಒಬ್ಬ ಅನಿಮೇಟರ್ ವಾರವಿಡೀ ದುಡಿದು ಕೆಲವೇ ಸೆಕೆಂಡುಗಳ ದೃಶ್ಯವನ್ನು ಮುಗಿಸುವುದು ಈ ಕಸುಬಿನಲ್ಲಿ ಸಾಮಾನ್ಯ. ಇಲ್ಲಿ ಚಿತ್ರೀಕರಣವೇ ಒಂದೂವರೆ ವರ್ಷ ನಡೆಯಿತು. ಆರೆಗನ್ನಿನ ಹಿಲ್ಸ್‌ಬೊರೊದಲ್ಲಿರುವ ಲೈಕಾ ಸ್ಟುಡಿಯೋ ತನ್ನ ವಿಶಾಲ ಶೆಡ್ಡಿನಲ್ಲಿ ಹತ್ತಾರು ವೇದಿಕೆಗಳನ್ನು ಹಾಕಿ, ಬೇರೆ ಬೇರೆ ದೃಶ್ಯಗಳನ್ನು ಏಕಕಾಲಕ್ಕೆ ಚಿತ್ರಿಸಿತು. ಅದಕ್ಕಾಗಿಯೇ ಕೊರಲೈನ್ ಒಬ್ಬಳಿಗೇ 28 ಬೊಂಬೆಗಳು ಬೇಕಾದವು.

ಬೊಂಬೆಯೊಳಗೆ ಗೋಲಿ ಕೀಲುಗಳಿರುವ ಲೋಹದ ಅಸ್ಥಿಪಂಜರವಿರುತ್ತದೆ. ಇಟ್ಟ ಭಂಗಿಯಲ್ಲಿ ನಿಲ್ಲುವಷ್ಟು ಬಿಗಿಯಾಗಿಯೂ ಬೆರಳ ಒತ್ತಡಕ್ಕೆ ಬಾಗುವಷ್ಟು ಸಡಿಲವಾಗಿಯೂ ಅದಿರಬೇಕು. ಮೇಲೆ ಸಿಲಿಕೋನ್ ಅಥವಾ ಫೋಮ್ ಲ್ಯಾಟೆಕ್ಸಿನ ಚರ್ಮ, ಅದರ ಮೇಲೆ ನಿಜವಾದ ಬಟ್ಟೆ. ಕೊರಲೈನಳ ನಕ್ಷತ್ರದ ಸ್ವೆಟರನ್ನೂ ಕೈಗವಸುಗಳನ್ನೂ ಆಲ್ತಿಯಾ ಕ್ರೋಮ್ ಎಂಬ ಕಲಾವಿದೆ ಕೂದಲೆಳೆಯಷ್ಟು ಸಣ್ಣ ಕಡ್ಡಿಗಳಿಂದ ಹೆಣೆದರು. ಮರಗಳಲ್ಲಿ ಅರಳಿರುವ ಚೆರಿ ಹೂಗಳು ಗುಲಾಬಿ ಬಣ್ಣ ಹಚ್ಚಿದ ಪಾಪ್‌ಕಾರ್ನ್.

ಆದರೆ ಇಲ್ಲಿ ಕಂಪ್ಯೂಟರ್ ಇಲ್ಲವೆಂದು ಭಾವಿಸಬೇಡಿ. ಮುಖಭಾವಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿ, ತ್ರೀಡಿ ಮುದ್ರಣ ಯಂತ್ರದಲ್ಲಿ ಗಟ್ಟಿ ಮುಖವಾಡಗಳಾಗಿ ಮುದ್ರಿಸಿ, ಕೈಯಿಂದ ಬಣ್ಣ ಬಳಿದು ಬಳಸಿದ ಮೊದಲ ಪೂರ್ಣಪ್ರಮಾಣದ ಚಿತ್ರ ಇದೇ. ಮುಖವನ್ನು ಹುಬ್ಬಿನ ಭಾಗ, ಬಾಯಿಯ ಭಾಗ ಎಂದು ಎರಡಾಗಿ ಒಡೆದದ್ದು ಜಾಣತನದ ಉಪಾಯ. ಒಂದೊಂದನ್ನೂ ಪ್ರತ್ಯೇಕವಾಗಿ ಬದಲಿಸಬಹುದಾದ್ದರಿಂದ ನಾಯಕಿಯ ಮುಖದಲ್ಲಿ 2 ಲಕ್ಷಕ್ಕೂ ಹೆಚ್ಚು ಭಾವಗಳು ಸಾಧ್ಯವಾದವು. ಎರಡು ತುಂಡುಗಳು ಕೂಡುವ ಗೆರೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಈ ವಿಧಾನವನ್ನು ರೂಪಿಸಿದ ಬ್ರಯಾನ್ ಮೆಕ್ಲೀನ್ ಮತ್ತು ಮಾರ್ಟಿನ್ ಮ್ಯೂನಿಯರ್ ಅವರಿಗೆ 2016ರಲ್ಲಿ ಆಸ್ಕರ್ ಅಕಾಡೆಮಿಯ ವೈಜ್ಞಾನಿಕ ಮತ್ತು ಇಂಜಿನಿಯರಿಂಗ್ ಪ್ರಶಸ್ತಿ ದೊರೆಯಿತು. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ತ್ರೀಡಿ ಪ್ರಿಂಟರ್ ಇದ್ದರೆ ಒಮ್ಮೆ ಪ್ರಯತ್ನಿಸಿ ನೋಡಬಹುದು.

ವ್ಯತ್ಯಾಸ ತಿಳಿಯುತ್ತದೆಯೇ ಎಂಬುದಕ್ಕೆ ನನ್ನ ಉತ್ತರ ಹೌದು, ಕಾರಣ ಹೇಳಲಾಗದಿದ್ದರೂ ತಿಳಿಯುತ್ತದೆ. 1933ರ ದೈತ್ಯ ಗೊರಿಲ್ಲಾ ಚಿತ್ರದಲ್ಲಿ ಅದರ ಮೈಕೂದಲು ಗಾಳಿಯಿಲ್ಲದೆಯೂ ಸದಾ ಮಿಸುಕುತ್ತಿರುತ್ತದೆ. ಪ್ರತಿ ಚೌಕಟ್ಟಿಗೂ ಬೊಂಬೆಯನ್ನು ಮುಟ್ಟಿದ ಬೆರಳುಗಳ ಗುರುತು ಅದು. ಬಟ್ಟೆಯ ಮಡಿಕೆ ಕಾರಣವಿಲ್ಲದೆ ಕದಲುವುದು, ನಡಿಗೆಯಲ್ಲಿ ಕೂದಲೆಳೆಯಷ್ಟು ತಡವರಿಕೆ ಇರುವುದು, ಇವೆಲ್ಲ ನಮ್ಮ ಕಣ್ಣಿಗೆ ಬೀಳುತ್ತವೆ. ಬೆಳಕು ನಿಜವಾದ ದೀಪದಿಂದ ನಿಜವಾದ ವಸ್ತುವಿನ ಮೇಲೆ ಬಿದ್ದಿದೆಯೆಂಬುದೂ ತಿಳಿಯುತ್ತದೆ. ಹಾಸ್ಯಚಿತ್ರದಲ್ಲಿ ಈ ಅಲುಗಾಟ ಮುದ್ದಾಗಿ ಕಾಣುತ್ತದೆ, ಭಯದ ಚಿತ್ರದಲ್ಲಿ ಅದೇ ಅಲುಗಾಟ ಮೈ ಜುಮ್ಮೆನಿಸುತ್ತದೆ.

ಪ್ರಶ್ನೆ: ಮೊಮ್ಮಕ್ಕಳ ಒತ್ತಾಯಕ್ಕೆ ಈ ಚಿತ್ರವನ್ನು ನೋಡಿದೆ. ನನಗೆ ಮೊದಲು ನೆನಪಾದವಳು ಪೂತನಿ. ನಮ್ಮ ಕಥೆಗಳ ಮಲತಾಯಿಯರೂ ನೆನಪಾದರು. ಆದರೆ ದೆವ್ವಗಳಿಗಿಂತ ಬೊಂಬೆಯೇ ಹೆಚ್ಚು ಭಯ ಹುಟ್ಟಿಸುವುದೇಕೆ? ಈ ಕಥೆಗೆ ಹಿಂದಿನ ಮೂಲಗಳಿವೆಯೇ? — ನಿವೃತ್ತ ಅಧ್ಯಾಪಕರು, ಕುಮಟಾ

ಉತ್ತರ: ಪೂತನಿಯ ಹೋಲಿಕೆ ಮಲತಾಯಿಯ ಹೋಲಿಕೆಗಿಂತ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಮಲತಾಯಿ ಊಟ ಕೊಡದೆ ಸತಾಯಿಸುವವಳು, ಇವಳು ಹೊಟ್ಟೆ ತುಂಬ ಬಡಿಸುವವಳು. ಕೊರಲೈನ್ ಮಾವಿನಹಣ್ಣಿನ ಮಿಲ್ಕ್‌ಶೇಕ್ ಬೇಕೆಂದರೆ ಊಟದ ಮೇಜಿನ ಮೇಲಿನ ತೂಗುದೀಪವೇ ಇಳಿದು ಬಂದು ಲೋಟಕ್ಕೆ ಸುರಿಯುತ್ತದೆ! ಆದರೆ ಎದೆಹಾಲಿನ ಜೊತೆ ವಿಷವೂ ಇದೆಯೆಂಬುದು ಭಾಗವತದ ಶಿಶುವಿಗೆ ಮೊದಲೇ ಗೊತ್ತು. ಈ ಹುಡುಗಿಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಅವಳು ಆ ಮನೆಯನ್ನು ಮನಸಾರೆ ಬಯಸಿಯಾಗಿದೆ. ಚಿತ್ರದ ನಿಜವಾದ ಭಯ ಗುಂಡಿಗಳಲ್ಲಿ ಇಲ್ಲ, ಆ ಬಯಕೆಯಲ್ಲಿದೆ.

ಮೂಲಗಳ ಮಾತಿಗೆ ಬಂದರೆ, ಇಂಗ್ಲಿಷ್ ಲೇಖಕಿ ಲೂಸಿ ಕ್ಲಿಫರ್ಡ್ 1882ರಲ್ಲಿ ಪ್ರಕಟಿಸಿದ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ಅದರಲ್ಲಿ ಇಬ್ಬರು ಅಕ್ಕತಂಗಿಯರು ಒಬ್ಬ ಅಪರಿಚಿತ ಹುಡುಗಿಯ ಬಳಿಯ ವಾದ್ಯದ ಆಸೆಗೆ ಬಿದ್ದು ಬೇಕೆಂದೇ ತುಂಟತನ ಮಾಡುತ್ತಾರೆ. ನೀವು ಹೀಗೇ ಮಾಡಿದರೆ ನಾನು ಹೊರಟುಹೋಗಬೇಕಾಗುತ್ತದೆ, ಗಾಜಿನ ಕಣ್ಣು, ಮರದ ಬಾಲವಿರುವ ಹೊಸ ಅಮ್ಮ ಬರುತ್ತಾಳೆ ಎಂದು ತಾಯಿ ಎಚ್ಚರಿಸುತ್ತಾಳೆ. ಕೊನೆಗೆ ಹಾಗೆಯೇ ಆಗುತ್ತದೆ, ಹಳೆಯ ಅಮ್ಮ ಮರಳುವುದಿಲ್ಲ. ನೂರು ವರ್ಷಗಳಾಚೆಯ ಮಕ್ಕಳ ಪುಸ್ತಕಗಳಲ್ಲಿ ಈ ಮಟ್ಟದ ನಿರ್ದಯತೆ ಇತ್ತೆಂಬುದನ್ನು ನೋಡಿದರೆ ಇಂದಿನ ಚಿತ್ರ ಸೌಮ್ಯವೆಂದೇ ಹೇಳಬೇಕು.

ಕಣ್ಣು ಕೀಳುವ ಭಯಕ್ಕೆ ಇನ್ನೂ ಹಿಂದಿನ ಬೇರಿದೆ. ಜರ್ಮನಿಯ ಹಾಫ್‌ಮನ್ 1816ರಲ್ಲಿ ಬರೆದ ಕಥೆಯೊಂದರಲ್ಲಿ, ಮಲಗಲೊಲ್ಲದ ಮಕ್ಕಳ ಕಣ್ಣಿಗೆ ಮರಳೆರಚಿ ಕಣ್ಣುಗುಡ್ಡೆಗಳನ್ನು ಕೊಂಡೊಯ್ಯುವ ಪುರುಷನ ಬಗ್ಗೆ ದಾದಿ ಹೇಳಿದ್ದನ್ನು ಕೇಳಿ ಬೆಳೆದ ಹುಡುಗ ದೊಡ್ಡವನಾಗಿ, ಕೀಲಿ ಕೊಟ್ಟರೆ ಚಲಿಸುವ ಒಂದು ಬೊಂಬೆಯನ್ನು ಜೀವಂತ ಹೆಣ್ಣೆಂದು ನಂಬಿ ಪ್ರೀತಿಸುತ್ತಾನೆ. ನಿರ್ಜೀವವೆಂದು ತಿಳಿದದ್ದಕ್ಕೆ ಜೀವವಿರಬಹುದೇ ಎಂಬ ಅನುಮಾನವೇ ಇಂಥ ಭಯದ ಮೂಲವೆಂದು ಎರ್ನ್ಸ್ಟ್ ಯೆಂಚ್ ಎಂಬ ಮನೋವೈದ್ಯ 1906ರಲ್ಲಿ ವಾದಿಸಿದರು. ಫ್ರಾಯ್ಡ್ 1919ರ ತಮ್ಮ ಪ್ರಬಂಧದಲ್ಲಿ ಇದೇ ಹಾಫ್‌ಮನ್ ಕಥೆಯನ್ನು ಎತ್ತಿಕೊಂಡು, ಬೊಂಬೆಗಿಂತಲೂ ಕಣ್ಣು ಕಳೆದುಕೊಳ್ಳುವ ಭೀತಿಯೇ ಮುಖ್ಯವೆಂದರು. ಈ ಚಿತ್ರದಲ್ಲಿ ಎರಡೂ ಇರುವುದರಿಂದ ಪಕ್ಷ ವಹಿಸುವ ಅಗತ್ಯವಿಲ್ಲ.

ನಿಮ್ಮ ಪ್ರಶ್ನೆಗೆ ಚಿತ್ರದ ಮೊದಲ ಕೆಲವು ನಿಮಿಷಗಳೇ ಉತ್ತರವೆಂದು ನನಗೆ ತೋರುತ್ತದೆ. ಸೂಜಿಗಳೇ ಬೆರಳುಗಳಾಗಿರುವ ಎರಡು ಕೈಗಳು ಒಂದು ಬಟ್ಟೆಗೊಂಬೆಯ ಕಣ್ಣು ಕಿತ್ತು, ಕೂದಲು ಕತ್ತರಿಸಿ, ಒಳಗು ಹೊರಗು ಮಾಡಿ, ಹೊಸದಾಗಿ ಹೊಟ್ಟು ತುಂಬಿ, ಹೊಸ ಗುಂಡಿಗಳನ್ನು ಹೊಲಿದು ಕೊರಲೈನಳನ್ನು ಹೋಲುವ ಬೊಂಬೆಯಾಗಿಸುತ್ತವೆ. ಬೊಂಬೆ ಮಾಡುವ ರಾಕ್ಷಸಿಯ ಕಥೆಯನ್ನು ಬೊಂಬೆ ಮಾಡುವವರೇ ಹೇಳುತ್ತಿದ್ದಾರೆ, ಅವಳು ಮಾಡುವ ಕೆಲಸವನ್ನೇ ಅವರೂ ಮಾಡುತ್ತಿದ್ದಾರೆ. ನಟರನ್ನಿಟ್ಟು ತೆಗೆದಿದ್ದರೆ ಈ ಕಥೆಗೆ ಇದರ ಅರ್ಧ ಬಲವೂ ಬರುತ್ತಿರಲಿಲ್ಲ.

ಪ್ರಶ್ನೆ: ಇದರ ನಿರ್ದೇಶಕ ಟಿಮ್ ಬರ್ಟನ್ ಅಲ್ಲವೇ? ನಮ್ಮ ಕಚೇರಿಯಲ್ಲಿ ಪಂದ್ಯವಾಗಿದೆ. — ಬೆಂಗಳೂರು

ಉತ್ತರ: ಅಲ್ಲ. ಚಿತ್ರಕಥೆ, ನಿರ್ದೇಶನ ಎರಡೂ ಹೆನ್ರಿ ಸೆಲಿಕ್ ಅವರದು. ಗೊಂದಲಕ್ಕೆ ಕಾರಣವಿದೆ: 1993ರಲ್ಲಿ ಬಂದ, ಅಸ್ಥಿಪಂಜರದ ನಾಯಕನ ಕ್ರಿಸ್‌ಮಸ್ ಚಿತ್ರವನ್ನು ನಿರ್ದೇಶಿಸಿದವರೂ ಸೆಲಿಕ್ ಅವರೇ, ಆದರೆ ಕಥೆ ಮತ್ತು ಪಾತ್ರಗಳು ಬರ್ಟನ್ನರವು, ಅವರ ಹೆಸರನ್ನೇ ಶೀರ್ಷಿಕೆಯ ಭಾಗವಾಗಿಸಿದ್ದರಿಂದ ಜನ ಇಂದಿಗೂ ಅದನ್ನು ಬರ್ಟನ್ ಚಿತ್ರವೆನ್ನುತ್ತಾರೆ. ‘ಕೊರಲೈನ್’ ಜೊತೆ ಬರ್ಟನ್ನರಿಗೆ ಸಂಬಂಧವೇ ಇಲ್ಲ. ಪಂದ್ಯದಲ್ಲಿ ಯಾರು ಗೆದ್ದರೆಂದು ತಿಳಿಸಿ.

ಪ್ರಶ್ನೆ: ಇದನ್ನು ತ್ರೀಡಿಯಲ್ಲೇ ನೋಡಬೇಕೆಂದು ಹೇಳುತ್ತಾರೆ. ಮನೆಯ ಟಿ.ವಿ.ಯಲ್ಲಿ ನೋಡಿದರೆ ಏನನ್ನಾದರೂ ಕಳೆದುಕೊಳ್ಳುತ್ತೇವೆಯೇ? — ಮೈಸೂರು

ಉತ್ತರ: ಸ್ವಲ್ಪ ಕಳೆದುಕೊಳ್ಳುತ್ತೀರಿ. ಪೂರ್ತಿಯಾಗಿ ತ್ರೀಡಿಗೆಂದೇ ಚಿತ್ರಿಸಿದ ಮೊದಲ ದೀರ್ಘ ಬೊಂಬೆ ಚಿತ್ರವಿದು. ಬೊಂಬೆ ಅಲುಗದೆ ನಿಂತಿರುವುದರಿಂದ ಎರಡು ಕ್ಯಾಮೆರಾಗಳು ಬೇಕಿರಲಿಲ್ಲ. ಒಂದೇ ಕ್ಯಾಮೆರಾದಲ್ಲಿ ಎಡಗಣ್ಣಿನ ಚಿತ್ರ ತೆಗೆದು, ಅದನ್ನು ತುಸುವೇ ಪಕ್ಕಕ್ಕೆ ಸರಿಸಿ ಬಲಗಣ್ಣಿನ ಚಿತ್ರ ತೆಗೆದರು. ವಸ್ತುಗಳನ್ನು ನೋಡುಗರ ಮುಖಕ್ಕೆ ಎಸೆಯಲು ಇದನ್ನು ಬಳಸಿದ್ದು ಕಡಿಮೆ. ನಿಜವಾದ ಮನೆಯ ಕೋಣೆಗಳನ್ನು ಆಳವಿಲ್ಲದೆ, ಚಪ್ಪಟೆಯಾಗಿ, ಇಕ್ಕಟ್ಟಾಗಿ ಕಟ್ಟಿದರು. ಇನ್ನೊಂದು ಮನೆಯ ಅದೇ ಕೋಣೆಗಳಿಗೆ ನಿಜವಾದ ಆಳ ಕೊಟ್ಟರು. ಹೀಗಾಗಿ ಬಾಗಿಲು ದಾಟಿದೊಡನೆ ಉಸಿರು ಸಲೀಸಾದಂತೆ ಅನಿಸುತ್ತದೆ, ಅಲ್ಲಿಯೇ ಇದ್ದುಬಿಡೋಣವೆಂದು ನಮಗೂ ಅನಿಸುತ್ತದೆ. ಬಣ್ಣದ ವ್ಯತ್ಯಾಸ ಟಿ.ವಿ.ಯಲ್ಲಿಯೂ ಸಿಗುತ್ತದೆ, ಈ ಆಳದ ವ್ಯತ್ಯಾಸ ಸಿಗುವುದಿಲ್ಲ. 2024ರಲ್ಲಿ ಹದಿನೈದನೆಯ ವರ್ಷದ ನೆಪದಲ್ಲಿ ಮತ್ತೆ ಬಿಡುಗಡೆಯಾದಾಗ ಇದು 5 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮುಂದೆ ಎಂದಾದರೂ ಹತ್ತಿರದ ಚಿತ್ರಮಂದಿರಕ್ಕೆ ಬಂದರೆ ಬಿಡಬೇಡಿ.

ಪ್ರಶ್ನೆ: ಪುಸ್ತಕವನ್ನು ಓದಿದ ಮೇಲೆ ಚಿತ್ರವನ್ನು ನೋಡಿ ನಿರಾಶೆಯಾಯಿತು. ಪುಸ್ತಕದಲ್ಲಿ ಇಲ್ಲದ ಹುಡುಗನನ್ನು ತಂದು ಸೇರಿಸಿದ್ದೇಕೆ? — ಉಪನ್ಯಾಸಕಿ, ಕಲಬುರಗಿ

ಉತ್ತರ: ವೈಬಿ ಎಂಬ ಆ ನೆರೆಮನೆಯ ಹುಡುಗ 2002ರ ಪುಸ್ತಕದಲ್ಲಿ ಇಲ್ಲ, ನಿಜ. ಸೆಲಿಕ್ ಅವರಿಗೆ ಗೈಮನ್ ಹಸ್ತಪ್ರತಿಯನ್ನು ಪುಸ್ತಕ ಅಚ್ಚಾಗುವ ಮೊದಲೇ ಕೊಟ್ಟಿದ್ದರಾದ್ದರಿಂದ, ಬದಲಾವಣೆಗಳು ಅವಸರದಲ್ಲಿ ಆದವಲ್ಲ. ಪುಸ್ತಕದಲ್ಲಿ ಹುಡುಗಿಯ ಮನಸ್ಸಿನೊಳಗಿನದನ್ನು ಲೇಖಕ ನೇರವಾಗಿ ಹೇಳಬಹುದು. ತೆರೆಯ ಮೇಲೆ ಅವಳು ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳಬೇಕಾಗುತ್ತದೆ, ಇಲ್ಲವೇ ಮಾತಾಡಲು ಯಾರಾದರೂ ಬೇಕಾಗುತ್ತದೆ. ಆ ಮಟ್ಟಿಗೆ ವೈಬಿಯನ್ನು ಒಪ್ಪುತ್ತೇನೆ. ಇನ್ನೊಂದು ಲೋಕದಲ್ಲಿ ಅವನ ಪ್ರತಿರೂಪಕ್ಕೆ ಮಾತೇ ಇಲ್ಲ, ಹುಡುಗಿಗೆ ಕಿರಿಕಿರಿಯಾಗದಂತೆ ಅವನ ಬಾಯಿಯನ್ನು ‘ಸರಿಪಡಿಸಲಾಗಿದೆ’ ಎಂಬುದು ಚಿತ್ರದ ಅತಿ ಭಯಂಕರ ಸಂಗತಿಗಳಲ್ಲೊಂದು; ಪುಸ್ತಕಕ್ಕೆ ಅದು ದಕ್ಕಿಲ್ಲ.

ಆದರೆ ಚಿತ್ರದ ಕೊನೆಯ ಮಟ್ಟಿಗೆ ನಿಮ್ಮ ನಿರಾಶೆಯಲ್ಲಿ ನಾನೂ ಪಾಲುದಾರ. ಪುಸ್ತಕದ ಕೊರಲೈನ್, ಬೀಗದ ಕೈಗಾಗಿ ಬೆನ್ನಟ್ಟಿ ಬಂದ ರಾಕ್ಷಸಿಯ ಕತ್ತರಿಸಿದ ಕೈಯನ್ನು, ಪಾಳುಬಾವಿಯ ಮೇಲೆ ಬಟ್ಟೆ ಹಾಸಿ ಬೊಂಬೆಗಳಿಗೆ ಚಹಾ ಕೊಡುವ ಆಟ ಹೂಡಿ ತಾನೊಬ್ಬಳೇ ಕೆಡವುತ್ತಾಳೆ. ಅಲ್ಲಿ ಕೆಲಸ ಮಾಡುವುದು ಅವಳ ಬುದ್ಧಿ. ಚಿತ್ರದಲ್ಲಿ ವೈಬಿ ಸೈಕಲ್ಲಿನಲ್ಲಿ ಧಾವಿಸಿ ಬಂದು, ಕಲ್ಲೆತ್ತಿ ಹಾಕಿ ಕೈಯನ್ನು ಜಜ್ಜುತ್ತಾನೆ. ಅದುವರೆಗೆ ತಂದೆತಾಯಿಯನ್ನೂ ರಾಕ್ಷಸಿಗೆ ಹಿಂದೆಯೇ ಬಲಿಯಾಗಿದ್ದ ಮೂವರು ಪ್ರೇತಮಕ್ಕಳನ್ನೂ ಬಿಡಿಸಿದ ಹುಡುಗಿಯನ್ನು ಕೊನೆಯ ಗಳಿಗೆಯಲ್ಲಿ ಹುಡುಗನೊಬ್ಬ ಬಂದು ಕಾಪಾಡಬೇಕಾಗಿರಲಿಲ್ಲ. ಇನ್ನು, ಪ್ರೇತಮಕ್ಕಳ ಕಣ್ಣುಗಳನ್ನು ಒಂದಾದ ಮೇಲೊಂದು ಹುಡುಕುವ ಭಾಗ ವಿಡಿಯೋ ಗೇಮಿನ ಹಂತಗಳಂತೆ ಸಾಗುತ್ತದೆಂಬುದೂ ನನ್ನ ದೂರು.

ಪ್ರಶ್ನೆ: ನಾವಿರುವುದು ಹಿಲ್ಸ್‌ಬೊರೊದಲ್ಲಿ, ಲೈಕಾ ಸ್ಟುಡಿಯೋ ನಮ್ಮ ಊರಿನದೇ ಎಂದು ನಿಮ್ಮ ಟಿಪ್ಪಣಿ ಓದಿಯೇ ತಿಳಿಯಿತು. ಮನೆಯಲ್ಲಿ ಆರು ಮತ್ತು ಹನ್ನೊಂದು ವರ್ಷದ ಮಕ್ಕಳಿದ್ದಾರೆ, ಈಗ ಊರಿನಿಂದ ಅತ್ತೆಯವರೂ ಬಂದಿದ್ದಾರೆ. ಎಲ್ಲರೂ ಕೂಡಿ ನೋಡಲು ಇಂಥ ಚಿತ್ರಗಳನ್ನು ಯಾವ ಕ್ರಮದಲ್ಲಿ ಆರಿಸಿಕೊಳ್ಳಬೇಕು? — ಗೃಹಿಣಿ, ಆರೆಗನ್, ಅಮೆರಿಕ

ಉತ್ತರ: ಕಂಪ್ಯೂಟರ್ ಚಿಪ್ ಕಾರ್ಖಾನೆಗಳ ನೆವದಲ್ಲಿ ನಮ್ಮವರು ಬಹಳ ಮಂದಿ ನೆಲೆಸಿರುವ ಊರು ನಿಮ್ಮದು. ನೆರೆಯ ಪೋರ್ಟ್‌ಲ್ಯಾಂಡಿನಲ್ಲಿ ಜೇಡಿಮಣ್ಣಿನ ಅನಿಮೇಷನ್ನಿಗೆ ಹೆಸರಾಗಿದ್ದ ವಿಲ್ ವಿಂಟನ್ ಅವರ ಸ್ಟುಡಿಯೋ ಕೈ ಬದಲಾಗಿ 2005ರಲ್ಲಿ ಲೈಕಾ ಆಯಿತು. ನೈಕಿ ಕಂಪನಿಯ ಫಿಲ್ ನೈಟ್ ಅದರ ಒಡೆಯರು. ‘ಕೊರಲೈನ್’ ಅದರ ಮೊದಲ ದೀರ್ಘ ಚಿತ್ರ. 2019ರವರೆಗೆ ಬಂದ ಅದರ ಐದು ಚಿತ್ರಗಳೂ ಆಸ್ಕರ್ ನಾಮನಿರ್ದೇಶನ ಪಡೆದವು, ಒಂದೂ ಗೆಲ್ಲಲಿಲ್ಲ.

ಆರು ವರ್ಷದ ಮಗುವಿರುವಾಗ ಇಂಗ್ಲೆಂಡಿನ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದಿಂದ ಆರಂಭಿಸಿ. ವಾಲೇಸ್ ಮತ್ತು ಗ್ರಾಮಿಟ್ ಎಂಬ ಜೋಡಿಯ 2005ರ ಚಿತ್ರದಲ್ಲಿ ಹುಣ್ಣಿಮೆಯ ರಾತ್ರಿ ದೈತ್ಯ ಮೊಲವೊಂದು ತರಕಾರಿ ತೋಟಗಳಿಗೆ ನುಗ್ಗುತ್ತದೆ. ಹಳೆಯ ಭಯದ ಚಿತ್ರಗಳ ಎಲ್ಲ ಅಂಗಗಳೂ ಅಲ್ಲಿವೆ, ಭಯ ಮಾತ್ರ ಕಚಗುಳಿಯಷ್ಟು. ಇಂಗ್ಲಿಷ್ ಮಾತು ಪೂರ್ತಿ ತಿಳಿಯದಿದ್ದರೂ ಅತ್ತೆಯವರು ನಗುತ್ತಾರೆ, ಏಕೆಂದರೆ ಅಲ್ಲಿನ ನಾಯಿ ಒಂದು ಮಾತನ್ನೂ ಆಡದೆ ಹುಬ್ಬಿನಲ್ಲೇ ಎಲ್ಲವನ್ನೂ ಹೇಳುತ್ತದೆ. ದೊಡ್ಡ ಮಗುವಿಗೆ ಆಮೇಲೆ ಲೈಕಾದ್ದೇ ಆದ 2012ರ ‘ಪ್ಯಾರಾನಾರ್ಮನ್’ ತೋರಿಸಿ. ಸತ್ತವರೊಡನೆ ಮಾತಾಡಬಲ್ಲ ಹುಡುಗನ ಕಥೆಯದು, ಹೆಣಗಳು ಎದ್ದು ನಡೆಯುತ್ತವೆ, ಹಾಸ್ಯವೂ ಧಾರಾಳವಾಗಿದೆ. ಹೆಸರುಗಳ ಪಟ್ಟಿ ಮುಗಿದ ಮೇಲೂ ಎದ್ದುಹೋಗಬೇಡಿ, ನಾಯಕನ ಬೊಂಬೆ ತಯಾರಾಗುವುದನ್ನು ವೇಗವಾಗಿ ಓಡಿಸಿ ತೋರಿಸುತ್ತಾರೆ. ‘ಕೊರಲೈನ್’ ಮೂರನೆಯದಾಗಿರಲಿ, ಚಿಕ್ಕವನು ಮಲಗಿದ ಮೇಲೆ. ಅದರ ಕಥೆ ನಡೆಯುವುದು ನಿಮ್ಮದೇ ರಾಜ್ಯದ ದಕ್ಷಿಣದ ಆಶ್‌ಲ್ಯಾಂಡಿನಲ್ಲಿ. 1935ರಿಂದ ಶೇಕ್ಸ್‌ಪಿಯರ್ ನಾಟಕೋತ್ಸವ ನಡೆಸುತ್ತಿರುವ ಊರದು. ಚಿತ್ರದ ಕೆಳಮನೆಯ ಇಬ್ಬರು ಮುದಿ ನಟಿಯರು ಹ್ಯಾಮ್ಲೆಟನ ಸಾಲುಗಳನ್ನು ಒಪ್ಪಿಸುವುದು ಸುಮ್ಮನೆ ಅಲ್ಲ.

ಪ್ರಶ್ನೆ: ನಾನೂ ನನ್ನ ತಂಗಿಯೂ ಮೊಬೈಲಿನಲ್ಲಿ ಇಂಥದೊಂದು ಚಿಕ್ಕ ಭೂತದ ಚಿತ್ರ ಮಾಡಬೇಕೆಂದಿದ್ದೇವೆ. ದುಡ್ಡಿಲ್ಲ. ಎಲ್ಲಿಂದ ಆರಂಭಿಸಬೇಕು? — ಹತ್ತನೆಯ ತರಗತಿ ವಿದ್ಯಾರ್ಥಿ, ಸಾಗರ

ಉತ್ತರ: ದುಡ್ಡಿಲ್ಲದಾಗ ಏನು ಮಾಡಬೇಕೆಂದು ದಾದಾಸಾಹೇಬ ಫಾಲ್ಕೆಯವರೇ ತೋರಿಸಿದ್ದಾರೆ. 1912ರಲ್ಲಿ ಅವರು ಒಂದು ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಗಿಡವಾಗುವವರೆಗೆ ದಿನವೂ ಒಂದೊಂದೇ ಚೌಕಟ್ಟು ಚಿತ್ರಿಸಿ, ಆ ಕಿರುಚಿತ್ರವನ್ನು ತೋರಿಸಿಯೇ ತಮ್ಮ ಮೊದಲ ಕಥಾಚಿತ್ರಕ್ಕೆ ಸಾಲ ಹುಟ್ಟಿಸಿದರು. 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸುವ ಚಿತ್ರವನ್ನೂ ಮಾಡಿದರು.

ಮೊಬೈಲನ್ನು ಅಲುಗದ ಹಾಗೆ ಕಟ್ಟಿ ನಿಲ್ಲಿಸುವುದು ಮೊದಲ ಕೆಲಸ. ಸ್ಟ್ಯಾಂಡ್ ಇಲ್ಲದಿದ್ದರೆ ಪುಸ್ತಕಗಳ ನಡುವೆ ಬಿಗಿಯಾಗಿ ಸಿಕ್ಕಿಸಬಹುದು. ಕ್ಯಾಮೆರಾದ ಫೋಕಸ್, ಬೆಳಕಿನ ಪ್ರಮಾಣ, ಬಣ್ಣದ ಸಮತೋಲ ಮೂರನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಫೋಟೊದಿಂದ ಫೋಟೊಕ್ಕೆ ಬಣ್ಣ ಮಿನುಗುತ್ತದೆ. ಕಿಟಕಿಯ ಬೆಳಕನ್ನು ನಂಬಬೇಡಿ, ನಿಮ್ಮ ಕಡೆಯ ಮಳೆಗಾಲದಲ್ಲಂತೂ ಅದು ನಿಮಿಷಕ್ಕೊಂದು ಬಗೆ. ಕಿಟಕಿ ಮುಚ್ಚಿ ಮೇಜಿನ ದೀಪವೊಂದನ್ನು ಬಳಸಿ, ಗಾಢ ಬಣ್ಣದ ಅಂಗಿ ತೊಡಿ. ಬಿಳಿ ಅಂಗಿಯಿಂದ ಚಿಮ್ಮುವ ಬೆಳಕು ನೀವು ಸರಿದಾಡಿದಂತೆಲ್ಲ ಬೊಂಬೆಯ ಮೇಲೆ ಬದಲಾಗುತ್ತದೆ. ಬೊಂಬೆಗೆ ಮೆತ್ತನೆಯ ತಂತಿಯನ್ನು ಹೆಣೆದ ಅಸ್ಥಿಪಂಜರ ಸಾಕು. ಮೇಲೆ ಅಂಗಡಿಯಲ್ಲಿ ಸಿಗುವ, ಒಣಗದ ಬಣ್ಣದ ಮಣ್ಣು ಮೆತ್ತಿ, ಹೊಲದ ಜೇಡಿಮಣ್ಣಾದರೆ ಒಣಗಿ ಬಿರಿಯುತ್ತದೆ. ಪಾದವನ್ನು ಮೇಜಿಗೆ ಅಂಟಿಸಿಕೊಳ್ಳುವುದನ್ನು ಮರೆಯಬೇಡಿ.

ಸೆಕೆಂಡಿಗೆ 24 ಬೇಕಿಲ್ಲ, 12 ಫೋಟೊಗಳು ಸಾಕು. ಐದು ಸೆಕೆಂಡಿಗೆ 60. ಭೂತದ ಚಿತ್ರವಾದ್ದರಿಂದ ಎರಡು ಕಿವಿಮಾತು: ಬೆಳಕನ್ನು ಬೊಂಬೆಯ ಕೆಳಗಿನಿಂದ ಅಥವಾ ಒಂದೇ ಪಕ್ಕದಿಂದ ಬಿಡಿ, ಮತ್ತು ಬೊಂಬೆಯನ್ನು ಸದಾ ಕುಣಿಸುತ್ತಿರಬೇಡಿ. ಒಂದು ಸೆಕೆಂಡು ಅದು ಪೂರ್ತಿ ನಿಶ್ಚಲವಾಗಿದ್ದು ತಲೆಯೊಂದೇ ಮೆಲ್ಲಗೆ ತಿರುಗಿದರೆ ಓಡಿ ಬರುವುದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ. ಪಾತ್ರಗಳು ಮಾತಾಡುವುದಿದ್ದರೆ ಮಾತನ್ನು ಮೊದಲೇ ರೆಕಾರ್ಡ್ ಮಾಡಿ, ಯಾವ ಅಕ್ಷರಕ್ಕೆ ಎಷ್ಟು ಫೋಟೊ ಎಂದು ಬರೆದುಕೊಂಡು ಅದಕ್ಕೆ ತಕ್ಕಂತೆ ಬಾಯಿ ಬದಲಿಸಬೇಕಾಗುತ್ತದೆ. ಮೊದಲ ಸಲ ಮಾತಿಲ್ಲದ ಕಥೆಯನ್ನೇ ಆರಿಸಿಕೊಂಡರೆ ಆ ತೊಡಕು ಇಲ್ಲ. ಉಳಿದ ಸದ್ದುಗಳನ್ನು ಚಿತ್ರ ಮುಗಿದ ಮೇಲೆ ಸೇರಿಸಬಹುದು.